ಮನೆಯ ಮಾರ್ಷ್‌ಮ್ಯಾಲೋಗೆ ಯಾವ ಸಕ್ಕರೆ, ಯಾವ ಸಿರಪ್? ಒಂದೊಂದರ ಗುಣದೋಷ

ಮಾರ್ಷ್‌ಮ್ಯಾಲೋ ಮಾಡಲು ಹೊರಟವರು ಜೆಲಾಟಿನ್ ಬಗ್ಗೆ ನಾಲ್ಕು ಕಡೆ ವಿಚಾರಿಸುತ್ತಾರೆ, ಬೀಟರ್ ಯಾವುದು ಒಳ್ಳೆಯದು ಎಂದು ಕೇಳುತ್ತಾರೆ. ಸಕ್ಕರೆಯ ವಿಷಯಕ್ಕೆ ಬಂದರೆ ಮಾತ್ರ ಡಬ್ಬಿಯಲ್ಲಿ ಇದ್ದದ್ದನ್ನು ಸುರಿದು ಮುಂದುವರಿಯುತ್ತಾರೆ. ಆದರೆ ತಯಾರಾದ ತುಂಡಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಸಕ್ಕರೆಗಳೇ. ಅದು ಎಷ್ಟು ಮೆತ್ತಗಿರಬೇಕು, ಮೂರನೆಯ ದಿನ ಮರಳುಮರಳಾಗುತ್ತದೋ ಇಲ್ಲವೋ, ಮೇಲೆ ಉದುರಿಸಿದ ಪುಡಿ ಒದ್ದೆಯಾಗಿ ಕೈಗೆ ಅಂಟುತ್ತದೋ ಇಲ್ಲವೋ, ಇದೆಲ್ಲ ಬಹುಪಾಲು ತೀರ್ಮಾನವಾಗುವುದು ಪಾಕದ ಪಾತ್ರೆಯಲ್ಲೇ.

ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಸಾಮಾನ್ಯ ಬಿಳಿ ಸಕ್ಕರೆ ಮೂರು ಪಾಲು, ಗಟ್ಟಿ ಲಿಕ್ವಿಡ್ ಗ್ಲೂಕೋಸ್ ಎರಡು ಪಾಲು. ಇದಕ್ಕಿಂತ ನಂಬಿಕಸ್ತ ಜೋಡಿ ಇನ್ನೊಂದಿಲ್ಲ. ಜೇನುತುಪ್ಪ, ಗೋಲ್ಡನ್ ಸಿರಪ್, ಬ್ರೌನ್ ಶುಗರ್ ಇವೆಲ್ಲ ರುಚಿಗೆ ಬೇಕು ನಿಜ. ಆದರೆ ಇವು ಪಾಕದ ಬೆನ್ನೆಲುಬಾಗಬಾರದು, ಅದರೊಳಗೆ ಒಂದು ಪಾಲಾಗಿ ಸೇರಬೇಕು. ಹಾಗೇಕೆ ಎಂಬುದನ್ನು ಒಂದೊಂದಾಗಿ ನೋಡೋಣ.

ಅಳೆಯಲು ಒಂದು ಮೂಲ ಅಳತೆ

ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾದರೆ ಅಳತೆ ಒಂದೇ ಇರಬೇಕು. 20 ಸೆಂಟಿಮೀಟರ್ ಚೌಕದ ಟ್ರೇಗೆ ಸಾಲುವಷ್ಟು ಲೆಕ್ಕ ಹೀಗಿದೆ: ಬಿಳಿ ಸಕ್ಕರೆ 300 ಗ್ರಾಂ, ಲಿಕ್ವಿಡ್ ಗ್ಲೂಕೋಸ್ 200 ಗ್ರಾಂ, ಪಾಕಕ್ಕೆ ನೀರು 90 ಗ್ರಾಂ, ಒಂದು ಚಿಟಿಕೆ ಉಪ್ಪು. ಬೇರೆ ಬಟ್ಟಲಲ್ಲಿ 18 ಗ್ರಾಂ ಜೆಲಾಟಿನ್ ಪುಡಿಯನ್ನು 100 ಗ್ರಾಂ ತಣ್ಣೀರಿನಲ್ಲಿ ಹತ್ತು ನಿಮಿಷ ನೆನೆಸಿಡಬೇಕು. ಜೆಲಾಟಿನ್ ಬಲವನ್ನು ಬ್ಲೂಮ್ ಎಂಬ ಅಂಕಿಯಲ್ಲಿ ಹೇಳುತ್ತಾರೆ. ಈ ಅಳತೆ 225ರಿಂದ 250 ಬ್ಲೂಮ್ ಪುಡಿಗೆ ಹೊಂದುತ್ತದೆ. ಜೆಲಾಟಿನ್ ಪ್ರಾಣಿಮೂಲದ್ದು. ಅದು ಬೇಡವೆನ್ನುವವರು ಅಗರ್ ಬಳಸುತ್ತಾರೆ. ಆದರೆ ಅದು ಗಟ್ಟಿಯಾಗುವ ರೀತಿಯೇ ಬೇರೆ, ಇಲ್ಲಿನ ಅಳತೆ ಅದಕ್ಕೆ ಹೊಂದುವುದಿಲ್ಲ.

ಸಕ್ಕರೆ, ಗ್ಲೂಕೋಸ್, ನೀರನ್ನು ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿಟ್ಟು ಸಕ್ಕರೆ ಪೂರ್ತಿ ಕರಗುವ ತನಕ ಮಾತ್ರ ಕಲಕಬೇಕು. ಕುದಿ ಬಂದ ಮೇಲೆ ಸೌಟು ಹಾಕಬಾರದು. ಪಾತ್ರೆಯ ಗೋಡೆಗೆ ಹರಳು ಅಂಟಿದ್ದರೆ ಒದ್ದೆ ಬ್ರಶ್‌ನಿಂದ ಒಳಕ್ಕೆ ಇಳಿಸಬೇಕು. ಪಾಕ 116 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಇಳಿಸಿ, ಗುಳ್ಳೆ ಅಡಗುವ ತನಕ ಒಂದು ನಿಮಿಷ ಬಿಟ್ಟು, ನೆನೆದ ಜೆಲಾಟಿನ್ ಮೇಲೆ ಸಣ್ಣ ಧಾರೆಯಾಗಿ ಸುರಿಯುತ್ತ ಬೀಟರ್ ಅನ್ನು ನಿಧಾನ ವೇಗದಲ್ಲಿ ಓಡಿಸಬೇಕು. ಆಮೇಲೆ ಜೋರು ವೇಗದಲ್ಲಿ ಎಂಟರಿಂದ ಹತ್ತು ನಿಮಿಷ ಬಡಿದರೆ ಮಿಶ್ರಣ ಬೆಳ್ಳಗೆ ಉಬ್ಬಿ, 40ರಿಂದ 45 ಡಿಗ್ರಿಗೆ ಇಳಿದು, ಬೀಟರ್ ಎತ್ತಿದಾಗ ಅಗಲವಾದ ಪಟ್ಟಿಯಂತೆ ಬೀಳುತ್ತದೆ. ವೆನಿಲ್ಲಾ ಹಾಕುವುದು ಕೊನೆಯ ನಿಮಿಷದಲ್ಲಿ. ಟ್ರೇಗೆ ಸುರಿದು ಮುಚ್ಚದೆ ರಾತ್ರಿಯಿಡೀ ಬಿಡಬೇಕು.

ಕಪ್ಪಿನ ಅಳತೆ ಇಲ್ಲಿ ಬೇಡವೇ ಬೇಡ. ಒಂದೇ ಕಪ್ ಸಿರಪ್ ಒಂದು ಬಾಟಲಿಯಿಂದ ಬಂದರೆ ಒಂದು ತೂಕ, ಇನ್ನೊಂದರಿಂದ ಬಂದರೆ ಇನ್ನೊಂದು. ಅರ್ಧದಷ್ಟು ಸಿರಪ್ ಕಪ್ಪಿನ ಗೋಡೆಗೇ ಉಳಿಯುವುದೂ ಉಂಟು.

ಬಿಳಿ ಸಕ್ಕರೆ

ಇದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಸಾಮಾನ್ಯ ಸಕ್ಕರೆ ಎಂದರೆ ಹೆಚ್ಚುಕಡಿಮೆ ಶುದ್ಧ ಸುಕ್ರೋಸ್. ಹರಳು ಸಣ್ಣದಾದಷ್ಟೂ ಬೇಗ ಕರಗುತ್ತದೆ, ಅದರಿಂದ ಕ್ಯಾಸ್ಟರ್ ಶುಗರ್ ಅನುಕೂಲ. ದಪ್ಪ ಹರಳೂ ಆಗುತ್ತದೆ, ಕುದಿಯುವ ಮೊದಲು ಇನ್ನೆರಡು ನಿಮಿಷ ತಾಳ್ಮೆ ಬೇಕಷ್ಟೇ. ಪಾಕಕ್ಕೆ ಐಸಿಂಗ್ ಶುಗರ್ ಹಾಕಬೇಡಿ. ಅದು ಗಂಟುಕಟ್ಟದಿರಲಿ ಎಂದು ಕಾರ್ನ್‌ಫ್ಲೋರ್ ಬೆರೆಸಿರುತ್ತಾರೆ. ಕುದಿಯುವಾಗ ಅದು ಮಂದವಾಗಿ ತಳ ಹಿಡಿಯುತ್ತದೆ, ಪಾಕವೂ ಮಂಕಾಗುತ್ತದೆ.

ಸುಕ್ರೋಸ್‌ಗೆ ಇರುವ ಒಂದೇ ದುರ್ಗುಣ, ಮತ್ತೆ ಹರಳಾಗಲು ಅದು ಸದಾ ಕಾಯುತ್ತಿರುತ್ತದೆ. 116 ಡಿಗ್ರಿಗೆ ಕುದಿಸಿದ ಪಾಕದಲ್ಲಿ ನೀರಿರುವುದು ತೀರಾ ಕಡಿಮೆ. ತಣ್ಣಗಾದ ಮೇಲೆ ಅಷ್ಟು ನೀರು ಅಷ್ಟೊಂದು ಸಕ್ಕರೆಯನ್ನು ಹಿಡಿದಿಟ್ಟುಕೊಳ್ಳಲಾರದು. ಒಂದು ಹರಳು ಹುಟ್ಟಿದರೆ ಸಾಕು, ಅದರ ಸುತ್ತ ಉಳಿದವು ಸಾಲುಗಟ್ಟುತ್ತವೆ. ಇದನ್ನು ತಡೆಯಲಿಕ್ಕೇ ಸಿರಪ್ ಬೇಕಾಗುವುದು, ಸಿಹಿಗಾಗಿ ಅಲ್ಲವೇ ಅಲ್ಲ. ಬೇರೆ ಆಕಾರದ ಸಕ್ಕರೆಯ ಅಣುಗಳು ನಡುವೆ ಸೇರಿಕೊಂಡರೆ ಸುಕ್ರೋಸ್ ಅಣುಗಳು ಒಂದರ ಪಕ್ಕ ಒಂದು ಕೂರುವುದು ಕಷ್ಟವಾಗುತ್ತದೆ.

ಲಿಕ್ವಿಡ್ ಗ್ಲೂಕೋಸ್: ಮೊದಲ ಸ್ಥಾನ ಇದಕ್ಕೇ

ಬೇಕರಿ ಸಾಮಾನು ಮಾರುವಲ್ಲಿ ಅಗಲ ಬಾಯಿಯ ಡಬ್ಬಿಯಲ್ಲಿ ಸಿಗುವ, ನೀರಿನಷ್ಟು ಸ್ವಚ್ಛವಾದ, ಡಬ್ಬಿ ಬಗ್ಗಿಸಿದರೂ ಬೀಳದಷ್ಟು ಮಂದವಾದ ವಸ್ತು ಇದು. ಪಿಷ್ಟವನ್ನು ಆಮ್ಲದಿಂದ ಅಥವಾ ಕಿಣ್ವದಿಂದ ತುಂಡರಿಸಿ ತಯಾರಿಸುತ್ತಾರೆ. ಎಷ್ಟು ತುಂಡರಿಸಿದ್ದಾರೆ ಎಂಬುದನ್ನು ಡಿಇ ಎಂಬ ಅಂಕಿ ಹೇಳುತ್ತದೆ. ಪಿಷ್ಟಕ್ಕೆ ಸೊನ್ನೆ, ಶುದ್ಧ ಗ್ಲೂಕೋಸ್‌ಗೆ 100. ಮಾರ್ಷ್‌ಮ್ಯಾಲೋಗೆ ಹೇಳಿ ಮಾಡಿಸಿದ್ದು 38ರಿಂದ 42ರ ನಡುವಿನದು.

ಹೆಸರು ಗ್ಲೂಕೋಸ್ ಎಂದಿದ್ದರೂ ಮಾಮೂಲಿ 42 ಡಿಇ ಸಿರಪ್‌ನ ಘನಾಂಶದಲ್ಲಿ ನಿಜವಾದ ಗ್ಲೂಕೋಸ್ ಐದನೇ ಒಂದು ಪಾಲಿನಷ್ಟು ಮಾತ್ರ. ಇನ್ನು ಸ್ವಲ್ಪ ಮಾಲ್ಟೋಸ್, ಅರ್ಧಕ್ಕಿಂತ ಹೆಚ್ಚು ಉದ್ದ ಸರಪಳಿಯ ಸಕ್ಕರೆಗಳು. ಈ ಉದ್ದ ಸರಪಳಿಗಳೇ ಪಾಕಕ್ಕೆ ಮೈ ಕೊಡುವುದು. ಬಡಿಯುವಾಗ ಗಾಳಿಗುಳ್ಳೆಯ ಸುತ್ತಲಿನ ಪೊರೆ ಮಂದವಾಗಿರುತ್ತದೆ, ಜೆಲಾಟಿನ್ ಗಟ್ಟಿಯಾಗುವ ತನಕ ಗುಳ್ಳೆ ಒಡೆಯದೆ ನಿಲ್ಲುತ್ತದೆ. ಕೊಯ್ದ ತುಂಡಿನ ಒಳಮೈ ನೋಡಿದರೆ ಗುಳ್ಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣ, ಎಲ್ಲ ಒಂದೇ ಸಮ. ಬೆರಳಿನಿಂದ ಒತ್ತಿ ಬಿಟ್ಟರೆ ಪೂರ್ತಿ ಮೇಲೆದ್ದು ಬರುತ್ತದೆ. ಇದರ ಸಿಹಿ ಸಕ್ಕರೆಯ ಅರ್ಧದಷ್ಟು, ಆದ್ದರಿಂದ ತುಂಡು ನಾಲಿಗೆಗೆ ಹೊಡೆಯುವಷ್ಟು ಸಿಹಿಯಾಗುವುದಿಲ್ಲ. ಗಾಳಿಯ ತೇವ ಹೀರುವುದೂ ಕಡಿಮೆ.

ಡಬ್ಬಿಯ ಮೇಲೆ ಡಿಇ ಬರೆಯುವವರು ಕಡಿಮೆ. ಮಂದತನವೇ ಸುಳಿವು. ಚಮಚ ಎತ್ತಿದಾಗ ಕೂದಲೆಳೆಯಂತೆ ಉದ್ದಕ್ಕೆ ಎಳೆ ಬಂದು, ಕೆಳಗೆ ಬಿದ್ದ ಎಳೆ ತಕ್ಷಣ ಕರಗದೆ ಸುರುಳಿಯಾಗಿ ಕೂತರೆ ಅದು ಮಿಠಾಯಿಗೆ ಬೇಕಾದ ದರ್ಜೆ. ಜೇನಿನಂತೆ ಸರಾಗವಾಗಿ ಹರಿದರೆ ನೀರು ಹೆಚ್ಚಿದೆ ಅಥವಾ ಡಿಇ ಹೆಚ್ಚಿದೆ ಎಂದು ತಿಳಿಯಬಹುದು. 60ಕ್ಕಿಂತ ಹೆಚ್ಚು ಡಿಇ ಇರುವುದು ಕೂಡ ಹರಳು ತಡೆಯುತ್ತದೆ. ಆದರೆ ಸಿಹಿ ಜಾಸ್ತಿ, ಮೈ ಕಡಿಮೆ, ಅಂಟು ಹೆಚ್ಚು.

ಡಬ್ಬಿಯಿಂದ ತೆಗೆಯುವುದೇ ಇದರ ದೊಡ್ಡ ತೊಂದರೆ. ಪಾತ್ರೆಗೆ ಮೊದಲು ಸಕ್ಕರೆ ಹಾಕಿ ತಕ್ಕಡಿಯಲ್ಲಿಟ್ಟು, ಸೊನ್ನೆಗೆ ತಂದು, ಕೈಯನ್ನು ಚೆನ್ನಾಗಿ ಒದ್ದೆ ಮಾಡಿಕೊಂಡು ಮುದ್ದೆಯಂತೆ ಕಿತ್ತು ಸಕ್ಕರೆಯ ಮೇಲೇ ಹಾಕಿ. ಒದ್ದೆ ಕೈಗೆ ಅದು ಅಂಟುವುದಿಲ್ಲ, ಒಣ ಚಮಚಕ್ಕೆ ಅಂಟಿದರೆ ಬಿಡುವುದಿಲ್ಲ. ಡಬ್ಬಿಯನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ಇಡುವುದು ಇನ್ನೊಂದು ದಾರಿ.

ಒಂದು ಎಚ್ಚರಿಕೆ. ಸುಸ್ತಾದಾಗ ನೀರಿಗೆ ಕಲಸಿ ಕುಡಿಯುವ ಗ್ಲೂಕೋಸ್ ಪುಡಿಯೇ ಬೇರೆ, ಇದೇ ಬೇರೆ. ಆ ಪುಡಿ ಶುದ್ಧ ಡೆಕ್ಸ್‌ಟ್ರೋಸ್, ಅದರಲ್ಲಿ ಉದ್ದ ಸರಪಳಿ ಒಂದೂ ಇಲ್ಲ. ಸಿರಪ್‌ನ ಬದಲು ಅದನ್ನೇ 200 ಗ್ರಾಂ ಹಾಕಿದರೆ ನೊರೆ ಸಡಿಲವಾಗುತ್ತದೆ, ಕೆಲ ದಿನದಲ್ಲಿ ಡೆಕ್ಸ್‌ಟ್ರೋಸೇ ಹರಳುಗಟ್ಟಲು ಶುರುವಾಗುತ್ತದೆ. ವಿಟಮಿನ್, ನಿಂಬೆ ರುಚಿ ಸೇರಿಸಿದ ಪ್ಯಾಕೆಟ್ ಅಂತೂ ಪಾಕದ ಹತ್ತಿರ ಬರಲೇಬಾರದು.

ಬಾಟಲಿಯ ಕಾರ್ನ್ ಸಿರಪ್

ಅಮೆರಿಕದ ಪಾಕವಿಧಾನಗಳೆಲ್ಲ ಬರೆದಿರುವುದು ಇದನ್ನು ಇಟ್ಟುಕೊಂಡು. ಅಲ್ಲಿ 1902ರಿಂದ ಮಾರಾಟದಲ್ಲಿರುವ ಕಾರೊ ಎಲ್ಲರಿಗೂ ಗೊತ್ತಿರುವ ಹೆಸರು. ಇದೂ ಗ್ಲೂಕೋಸ್ ಸಿರಪ್ಪೇ, ಮೆಕ್ಕೆಜೋಳದ ಪಿಷ್ಟದ್ದು. ಸುರಿಯಲು ಸುಲಭವಾಗಲಿ ಎಂದು ತೆಳ್ಳಗೆ ಇಟ್ಟಿರುತ್ತಾರೆ. ಲೈಟ್ ಎಂದು ಬರೆದಿರುವುದು ಬಣ್ಣಕ್ಕೆ, ಕ್ಯಾಲೊರಿಗೆ ಅಲ್ಲ. ಲೈಟ್ ಬಾಟಲಿಯಲ್ಲಿ ಉಪ್ಪು, ವೆನಿಲ್ಲಾ ಮೊದಲೇ ಸೇರಿರುತ್ತವೆ. ಹಾಗಾಗಿ ಗುಲಾಬಿ, ಏಲಕ್ಕಿಯಂಥ ನವಿರು ಪರಿಮಳ ಹಾಕುವವರಿಗೆ ಸಪ್ಪೆ ಲಿಕ್ವಿಡ್ ಗ್ಲೂಕೋಸೇ ವಾಸಿ. ಡಾರ್ಕ್ ಬಾಟಲಿಯದು ಕಾಕಂಬಿಯ ಕಡೆಗೆ ವಾಲುವ ರುಚಿ, ತುಂಡು ಕಂದು ಛಾಯೆಗೆ ತಿರುಗುತ್ತದೆ.

ತೆಳ್ಳಗಿರುವುದರಿಂದ ಅಳತೆ ಕೆಡುತ್ತದೆಂದು ಹೆದರಬೇಕಾಗಿಲ್ಲ. ಹೇಗೂ 116 ಡಿಗ್ರಿ ಬರುವ ತನಕ ಕುದಿಸುತ್ತೇವೆ, ಹೆಚ್ಚಿನ ನೀರು ಹಬೆಯಾಗಿ ಹೋಗುತ್ತದೆ. ಪಾಕಕ್ಕೆ ಹಾಕುವ ನೀರನ್ನು 90ರಿಂದ 75 ಗ್ರಾಂಗೆ ಇಳಿಸಿದರೆ ಸಮಯ ಉಳಿಯುತ್ತದೆ. ಹೈ ಫ್ರಕ್ಟೋಸ್ ಕಾರ್ನ್ ಸಿರಪ್ ಇದಲ್ಲ. ಅದರಲ್ಲಿ ಅರ್ಧದಷ್ಟು ಫ್ರಕ್ಟೋಸ್ ಎಂಬ ಇನ್ನೊಂದು ಸಕ್ಕರೆ ಇರುತ್ತದೆ, ಅದರ ನಡತೆ ಮುಂದೆ ಹೇಳುವ ಇನ್ವರ್ಟ್ ಶುಗರ್‌ನಂತೆ. ದೋಸೆ, ಪ್ಯಾನ್‌ಕೇಕ್ ಮೇಲೆ ಸುರಿಯುವ ಟೇಬಲ್ ಸಿರಪ್‌ಗಳಲ್ಲಿ ಗಟ್ಟಿಮಾಡುವ ಗೋಂದು, ಕೃತಕ ಪರಿಮಳ ಇರುತ್ತವೆ. ಅವನ್ನು ಕುದಿಸಿ ಪಾಕ ಮಾಡಲು ಹೋಗಬೇಡಿ.

ಜೇನುತುಪ್ಪ: ರುಚಿಗೆ ರಾಜ, ಕೈಗೆ ಕಷ್ಟ

ಜೇನಿನ ಮಾರ್ಷ್‌ಮ್ಯಾಲೋದ ಪರಿಮಳಕ್ಕೆ ಸಮನಾದದ್ದು ಇನ್ನೊಂದು ಸಿಗುವುದು ಕಷ್ಟ. ಆದರೆ 200 ಗ್ರಾಂ ಗ್ಲೂಕೋಸ್ ತೆಗೆದು ಅಷ್ಟೂ ಜೇನು ಹಾಕಿದವರು ಮೂರು ತೊಂದರೆ ಎದುರಿಸಬೇಕಾಗುತ್ತದೆ.

ಮೊದಲನೆಯದು ತೇವ. ಜೇನಿನ ತೂಕದ ನೂರು ಪಾಲಿನಲ್ಲಿ ಸುಮಾರು 38 ಪಾಲು ಫ್ರಕ್ಟೋಸ್, 31 ಪಾಲು ಗ್ಲೂಕೋಸ್, 17ರಿಂದ 18 ಪಾಲು ನೀರು. ಫ್ರಕ್ಟೋಸ್‌ಗೆ ನೀರಿನ ಮೇಲೆ ಬಹಳ ಪ್ರೀತಿ. ಗಾಳಿಯಲ್ಲಿ ತೇವ ಇದ್ದರೆ ಎಳೆದುಕೊಳ್ಳುತ್ತದೆ. ಸಂಜೆ ಪುಡಿ ಹೊರಳಿಸಿಟ್ಟ ತುಂಡು ಬೆಳಗ್ಗೆ ಹೊತ್ತಿಗೆ ಮೈ ಒದ್ದೆಯಾಗಿ ಒಂದಕ್ಕೊಂದು ಅಂಟಿ ಕೂತಿರುವುದು ಇದರಿಂದಲೇ.

ಎರಡನೆಯದನ್ನು ಹೆಚ್ಚಿನ ಪಾಕವಿಧಾನಗಳು ಹೇಳುವುದೇ ಇಲ್ಲ. ಕುದಿಯುವ ಬಿಂದು ಏರುವುದು ಪಾಕದಲ್ಲಿ ಕರಗಿದ ಅಣುಗಳ ಸಂಖ್ಯೆಯಿಂದ. ಗ್ಲೂಕೋಸ್, ಫ್ರಕ್ಟೋಸ್ ಸಣ್ಣ ಅಣುಗಳಾದ್ದರಿಂದ ಅಷ್ಟೇ ತೂಕಕ್ಕೆ ಸಂಖ್ಯೆ ಹೆಚ್ಚು. ಹಾಗಾಗಿ ಜೇನಿನ ಪಾಕ 116 ಡಿಗ್ರಿ ತೋರಿಸುವಾಗ ಅದರಲ್ಲಿ ಉಳಿದಿರುವ ನೀರು, ಲಿಕ್ವಿಡ್ ಗ್ಲೂಕೋಸ್ ಪಾಕ 116 ತೋರಿಸುವಾಗ ಇರುವುದಕ್ಕಿಂತ ಹೆಚ್ಚು. ಥರ್ಮಾಮೀಟರ್ ಸರಿ ಇದೆ, ಉಷ್ಣತೆಯೂ ಸರಿ ಇದೆ, ಆದರೂ ತುಂಡು ಸಡಿಲ. ಜೇನು ಹೆಚ್ಚಿದ್ದರೆ ಎರಡು ಮೂರು ಡಿಗ್ರಿ ಮೇಲೆ, ಅಂದರೆ 118ರಿಂದ 119ಕ್ಕೆ ಕುದಿಸಬೇಕು. ಅಷ್ಟು ಕುದಿಸಿದರೆ ಫ್ರಕ್ಟೋಸ್ ಬೇಗ ಕಂದಾಗುತ್ತದೆ, ಪರಿಮಳವೂ ಹಬೆಯ ಜೊತೆ ಹೊರಟುಹೋಗುತ್ತದೆ.

ಮೂರನೆಯದು ನೊರೆ. ಜೇನಿನ ಪಾಕ 105 ಡಿಗ್ರಿ ದಾಟುತ್ತಿದ್ದಂತೆ ಹಾಲು ಉಕ್ಕಿದಂತೆ ಏರುತ್ತದೆ. ಪಾಕದ ನಾಲ್ಕು ಪಟ್ಟು ಹಿಡಿಯುವ ಪಾತ್ರೆ ಇಲ್ಲದಿದ್ದರೆ ಒಲೆಯ ಮೇಲೆ ಚೆಲ್ಲುವುದು ಖಂಡಿತ.

ನಮ್ಮ ಶಿಫಾರಸು ಹೀಗಿದೆ: ಲಿಕ್ವಿಡ್ ಗ್ಲೂಕೋಸ್ 140 ಗ್ರಾಂ ಇಟ್ಟುಕೊಂಡು ಜೇನು 60 ಗ್ರಾಂ ಮಾತ್ರ ತೆಗೆದುಕೊಳ್ಳಿ. ಆ ಜೇನನ್ನು ಕುದಿಸಲೇಬೇಡಿ. ನೆನೆದ ಜೆಲಾಟಿನ್ ಇರುವ ಬಟ್ಟಲಿಗೇ ಹಾಕಿ, ಸಕ್ಕರೆ ಮತ್ತು ಗ್ಲೂಕೋಸ್‌ನ ಪಾಕವನ್ನು 118ಕ್ಕೆ ಕುದಿಸಿ ಅದರ ಮೇಲೆ ಸುರಿಯಿರಿ. ಜೇನಿನೊಳಗಿನ ನೀರು ಕುದಿದು ಹೋಗದೆ ಉಳಿಯುವುದರಿಂದಲೇ ಈ ಎರಡು ಡಿಗ್ರಿ ಹೆಚ್ಚು. ಪರಿಮಳ ಹಾಗೆಯೇ ಉಳಿಯುತ್ತದೆ, ಬಣ್ಣ ತಿಳಿ ಕೆನೆ. ಕಡು ಬಣ್ಣದ ಕಾಡುಜೇನಿಗಿಂತ ತಿಳಿಬಣ್ಣದ ಹೂಜೇನು ಇಲ್ಲಿಗೆ ಚೆಂದ. ಒಂದು ವರ್ಷದೊಳಗಿನ ಮಕ್ಕಳಿಗೆ ಜೇನು ಯಾವ ರೂಪದಲ್ಲೂ ಕೊಡಬಾರದು, ಇದರಲ್ಲಿ ಇರುವುದನ್ನೂ ಸೇರಿಸಿ.

ಇನ್ವರ್ಟ್ ಶುಗರ್ ಮತ್ತು ಗೋಲ್ಡನ್ ಸಿರಪ್

ಸುಕ್ರೋಸನ್ನು ಗ್ಲೂಕೋಸ್, ಫ್ರಕ್ಟೋಸ್ ಎಂದು ಇಬ್ಭಾಗ ಮಾಡಿದರೆ ಸಿಗುವುದು ಇನ್ವರ್ಟ್ ಶುಗರ್. ಫ್ರೆಂಚ್ ಮಿಠಾಯಿಗಾರರು ಟ್ರೈಮೊಲಿನ್ ಎಂಬ ಬಿಳಿ ಪೇಸ್ಟ್ ರೂಪದಲ್ಲಿ ಇದನ್ನು ಬಳಸುತ್ತಾರೆ. ಸಕ್ಕರೆಗಿಂತ ಸಿಹಿ ಹೆಚ್ಚು, ನೀರು ಹಿಡಿದಿಡುವ ಶಕ್ತಿ ಇನ್ನೂ ಹೆಚ್ಚು. ಒಟ್ಟು ಸಕ್ಕರೆಯ ಹತ್ತರಲ್ಲಿ ಒಂದು ಪಾಲು ಇದ್ದರೆ ತುಂಡು ವಾರ ಕಳೆದರೂ ಒಣಗದೆ ಮೆತ್ತಗೇ ಇರುತ್ತದೆ. ನಮ್ಮ ಅಳತೆಗೆ 50 ಗ್ರಾಂ, ಅಷ್ಟೇ ತೂಕದ ಲಿಕ್ವಿಡ್ ಗ್ಲೂಕೋಸ್ ತೆಗೆದು. ಒಣ ಹವೆಯಲ್ಲಿ ಇದು ವರ, ಮಳೆಗಾಲದಲ್ಲಿ ಶಾಪ.

ಮನೆಯಲ್ಲೂ ಮಾಡಿಕೊಳ್ಳಬಹುದು: 500 ಗ್ರಾಂ ಸಕ್ಕರೆ, 240 ಗ್ರಾಂ ನೀರು, ಅರ್ಧ ಗ್ರಾಂ ಸಿಟ್ರಿಕ್ ಆಮ್ಲ. ಸಣ್ಣ ಉರಿಯಲ್ಲಿ, ಆತುರಪಡದೆ 114 ಡಿಗ್ರಿಗೆ ತಂದು ತಣಿಸಿ ಗಾಜಿನ ಬಾಟಲಿಯಲ್ಲಿ ಫ್ರಿಜ್‌ನಲ್ಲಿಡಿ. ಉರಿ ಜೋರಾದರೆ ಸಕ್ಕರೆ ಒಡೆಯಲು ಸಮಯ ಸಾಲದೆ ಅರ್ಧಂಬರ್ಧ ಉಳಿಯುತ್ತದೆ.

ಇಂಗ್ಲೆಂಡಿನ ಲೈಲ್ಸ್ ಹಸಿರು ಡಬ್ಬಿಯ ಗೋಲ್ಡನ್ ಸಿರಪ್ ಇದರ ಹತ್ತಿರದ ಸಂಬಂಧಿ. ಒಂದಷ್ಟು ಸುಕ್ರೋಸ್, ಉಳಿದದ್ದು ಗ್ಲೂಕೋಸ್ ಮತ್ತು ಫ್ರಕ್ಟೋಸ್. ಕಾರ್ನ್ ಸಿರಪ್ ಸಿಗದ ಕಡೆ ಪೂರ್ತಿ ಬದಲಿಯಾಗಿ ಬಳಸಬಹುದಾದ ಸಿರಪ್‌ಗಳಲ್ಲಿ ಇದಕ್ಕೆ ಒಳ್ಳೆಯ ಅಂಕ ಕೊಡಬೇಕು. 200 ಗ್ರಾಂ ಬದಲಿಗೆ 200 ಗ್ರಾಂ, 118 ಡಿಗ್ರಿ. ಪಾತ್ರೆಯಲ್ಲಿ ಹೊಂಬಣ್ಣ ಇದ್ದರೂ ಗಾಳಿ ತುಂಬಿದ ಮೇಲೆ ದಂತದ ಬಣ್ಣಕ್ಕೆ ಬರುತ್ತದೆ, ಬಾಯಲ್ಲಿ ತೆಳು ಕ್ಯಾರಮೆಲ್ ರುಚಿ. ಸಿಹಿ ಮಾತ್ರ ಹೆಚ್ಚಾಗುತ್ತದೆ, ಉಪ್ಪನ್ನು ಎರಡು ಚಿಟಿಕೆ ಮಾಡಿದರೆ ಸಮತೂಕ ಬರುತ್ತದೆ.

ಮೇಪಲ್ ಸಿರಪ್ ಬಗ್ಗೆ ತಪ್ಪು ತಿಳಿವಳಿಕೆ

ಸಿರಪ್ ಎಂಬ ಹೆಸರು ನೋಡಿ ಕಾರ್ನ್ ಸಿರಪ್ ಬದಲು ಇದನ್ನು ಹಾಕುತ್ತಾರೆ. ಮೇಪಲ್ ಸಿರಪ್‌ನಲ್ಲಿ ಮೂರನೇ ಒಂದು ಪಾಲು ನೀರು, ಉಳಿದದ್ದು ಬಹುತೇಕ ಸುಕ್ರೋಸ್. ಅಂದರೆ ಹರಳು ತಡೆಯುವ ಕೆಲಸ ಇದರಿಂದ ಆಗುವುದಿಲ್ಲ, ಸುಕ್ರೋಸ್‌ಗೆ ಮತ್ತಷ್ಟು ಸುಕ್ರೋಸ್ ಸೇರಿಸಿದಂತಾಗುತ್ತದೆ. ಇದನ್ನು ಸಕ್ಕರೆಯ ಬದಲಿಗೆ ಹಾಕಬೇಕು, ಗ್ಲೂಕೋಸ್ ಬದಲಿಗಲ್ಲ. 300 ಗ್ರಾಂ ಸಕ್ಕರೆ ತೆಗೆದು 450 ಗ್ರಾಂ ಮೇಪಲ್ ಸಿರಪ್, ಪಾಕದ ನೀರು ಪೂರ್ತಿ ಬಿಟ್ಟು, ಲಿಕ್ವಿಡ್ ಗ್ಲೂಕೋಸ್ 200 ಗ್ರಾಂ ಹಾಗೆಯೇ ಇಟ್ಟು 116ಕ್ಕೆ ಕುದಿಸಿ. ಫಲಿತಾಂಶ ಅದ್ಭುತ. ಕುದಿಯುವಾಗ ಉಕ್ಕುವುದರಲ್ಲಿ ಜೇನಿಗೇನೂ ಕಡಿಮೆಯಿಲ್ಲ, ದೊಡ್ಡ ಪಾತ್ರೆ ಬೇಕು. ಕಡು ಬಣ್ಣದ ದರ್ಜೆಯಲ್ಲೇ ರುಚಿ ಉಳಿಯುವುದು, ತಿಳಿ ಬಣ್ಣದ್ದು ಬಡಿದ ಮೇಲೆ ಮಂಕಾಗುತ್ತದೆ.

ಅಕ್ಕಿ, ಮರಗೆಣಸು, ಅಗಾವೆ

ಟಪಿಯೋಕ ಸಿರಪ್ ಅಂದರೆ ಮರಗೆಣಸಿನ ಪಿಷ್ಟದಿಂದ ಮಾಡಿದ ಗ್ಲೂಕೋಸ್ ಸಿರಪ್. ಡಿಇ ಸರಿ ಇದ್ದರೆ ಗ್ರಾಂಗೆ ಗ್ರಾಂ ಬದಲಿ, ರುಚಿ ತಟಸ್ಥ. ಮೆಕ್ಕೆಜೋಳ ಬೇಡವೆನ್ನುವವರಿಗೆ ಇದೇ ನೇರ ಉತ್ತರ. ಬ್ರೌನ್ ರೈಸ್ ಸಿರಪ್‌ನಲ್ಲಿ ಮಾಲ್ಟೋಸ್ ಹೆಚ್ಚು, ಸಿಹಿ ಕಡಿಮೆ, ನೊರೆ ಚೆನ್ನಾಗಿ ನಿಲ್ಲುತ್ತದೆ. ಮಾಲ್ಟಿನ ವಾಸನೆ ಮಾತ್ರ ಮರೆಮಾಚಲು ಆಗುವುದಿಲ್ಲ. ಕೋಕೋ, ಕಾಫಿ ಹಾಕುವುದಾದರೆ ಅದೇ ಒಂದು ಗುಣವಾಗುತ್ತದೆ. ಬಿಳಿ ವೆನಿಲ್ಲಾ ತುಂಡಿಗೆ ಬೇಡ.

ಅಗಾವೆ ಸಿರಪ್ ಬೇಡ ಎಂದೇ ಹೇಳುತ್ತೇವೆ. ಬಹುಪಾಲು ಫ್ರಕ್ಟೋಸ್ ಇರುವ ಇದರಲ್ಲಿ ಜೇನಿನ ತೊಂದರೆಗಳೆಲ್ಲ ದುಪ್ಪಟ್ಟಾಗಿ ಬರುತ್ತವೆ, ಜೇನಿನ ಪರಿಮಳ ಮಾತ್ರ ಬರುವುದಿಲ್ಲ.

ಕಂದು ಸಕ್ಕರೆಗಳು

ಬ್ರೌನ್ ಶುಗರ್ ಎಂದರೆ ಬಿಳಿ ಸಕ್ಕರೆಗೆ ಕಾಕಂಬಿ ಬೆರೆಸಿದ್ದು, ತಿಳಿ ಬಣ್ಣದ್ದರಲ್ಲಿ ನೂರಕ್ಕೆ ಮೂರೂವರೆಯಷ್ಟು, ಕಡು ಬಣ್ಣದ್ದರಲ್ಲಿ ಆರೂವರೆಯಷ್ಟು. 300 ಗ್ರಾಂ ಸಕ್ಕರೆಯಲ್ಲಿ 100 ಗ್ರಾಂ ಕಡು ಬ್ರೌನ್ ಶುಗರ್ ಹಾಕಿದರೆ ರುಚಿ ತುಂಬಿ ಬರುತ್ತದೆ, ನೊರೆಗೂ ಧಕ್ಕೆಯಿಲ್ಲ. ಪೂರ್ತಿ ಹಾಕಿದರೆ ತುಂಡು ಭಾರವಾಗುತ್ತದೆ, ಕಾಕಂಬಿಯ ಆಮ್ಲ ಜೆಲಾಟಿನ್ ಬಲವನ್ನೂ ಸ್ವಲ್ಪ ತಗ್ಗಿಸುತ್ತದೆ. ಮಸ್ಕೊವಾಡೊ, ಬೆಲ್ಲದಂಥ ಸಂಸ್ಕರಿಸದ ಸಕ್ಕರೆಗಳಲ್ಲಿ ಕಸ, ಖನಿಜ, ಆಮ್ಲ ಇನ್ನೂ ಹೆಚ್ಚು. ಅವನ್ನು ಪಾಕದ ನೀರಿನಲ್ಲೇ ಕರಗಿಸಿ, ಸೋಸಿ, ಆಮೇಲೆ ಉಳಿದ ಸಕ್ಕರೆ ಸೇರಿಸಬೇಕು. ಕಾಲು ಪಾಲು ದಾಟಬಾರದು. ತೆಂಗಿನ ಸಕ್ಕರೆಗೂ ಇದೇ ಮಾತು, ಅದು ತಳ ಹಿಡಿಯುವುದು ಇನ್ನೂ ಬೇಗ.

ಸಿರಪ್ ಇಲ್ಲದೆ ಆಗುವುದಿಲ್ಲವೇ?

ಆಗುತ್ತದೆ. 460 ಗ್ರಾಂ ಸಕ್ಕರೆ, 150 ಗ್ರಾಂ ನೀರು ಮಾತ್ರ ಇಟ್ಟುಕೊಂಡು ಪಾಕ ಮಾಡಿದರೂ ಜೆಲಾಟಿನ್ ತಾನೇ ಹರಳನ್ನು ಸ್ವಲ್ಪ ತಡೆಯುತ್ತದೆ. ಒಂದೆರಡು ದಿನದಲ್ಲಿ ಮುಗಿಸುವುದಾದರೆ ತೊಂದರೆಯಿಲ್ಲ. ಆಮೇಲೆ ಹೊರಮೈಯಿಂದ ಹರಳುಗಟ್ಟುತ್ತ ಬರುತ್ತದೆ, ಕಚ್ಚಿದಾಗ ಹಲ್ಲಿಗೆ ಸಣ್ಣ ಮರಳು ತಾಗಿದಂತೆ. ಸಿಹಿಯೂ ಮೊನಚು.

ಪಾಕಕ್ಕೆ ನಿಂಬೆರಸ ಹಿಂಡಿದರೆ ಸಿರಪ್ ಬೇಡ ಎನ್ನುವ ಮಾತಿದೆ. ನಿಂಬೆಯ ಆಮ್ಲ ಒಂದಷ್ಟು ಸಕ್ಕರೆಯನ್ನು ಇನ್ವರ್ಟ್ ಮಾಡುವುದು ನಿಜ. ಎಷ್ಟು ಎಂಬುದು ಮಾತ್ರ ಆಮ್ಲದ ಪ್ರಮಾಣ, ಉರಿ, ಕುದಿದ ನಿಮಿಷಗಳ ಮೇಲೆ ನಿಂತಿದೆ. ಇಂದು ಬಂದ ಹದ ನಾಳೆ ಬರುವುದಿಲ್ಲ. ಮೇಲಾಗಿ ಅದೇ ಆಮ್ಲ ಬಿಸಿಯಲ್ಲಿ ಜೆಲಾಟಿನ್ ಮೇಲೂ ಕೆಲಸ ಮಾಡಿ ಅದನ್ನು ದುರ್ಬಲಗೊಳಿಸುತ್ತದೆ. ನಿಂಬೆಯ ರುಚಿಯೇ ಬೇಕಿದ್ದರೆ ಸಿಪ್ಪೆಯ ತುರಿಯನ್ನು ಕೊನೆಯಲ್ಲಿ ಬೆರೆಸಿ.

ಸಕ್ಕರೆರಹಿತ ಸಿಹಿಕಾರಕಗಳಲ್ಲಿ ಎರಿಥ್ರಿಟಾಲ್ ಬೇಗ ಹರಳುಗಟ್ಟಿ ಬಾಯಲ್ಲಿ ತಣ್ಣಗಿನ ಅನುಭವ ಕೊಡುತ್ತದೆ. ಹರಳಾಗದೆ ಮೆತ್ತಗೆ ಉಳಿಯುವುದು ಅಲ್ಯುಲೋಸ್. ಆದರೆ ಅದು ಬೇಗ ಕಂದಾಗುತ್ತದೆ, ತೇವವನ್ನೂ ಎಳೆದುಕೊಳ್ಳುತ್ತದೆ. ಸ್ಟೀವಿಯಾಕ್ಕೆ ಮೈಯೇ ಇಲ್ಲ, ಅದರಿಂದ ಪಾಕವಾಗದು. ಜೈಲಿಟಾಲ್ ಬಳಸುವವರು ಮನೆಯಲ್ಲಿ ನಾಯಿ ಇದ್ದರೆ ಬಹಳ ಜಾಗ್ರತೆ ವಹಿಸಬೇಕು, ಅದು ನಾಯಿಗೆ ವಿಷ.

ಹದ ತಪ್ಪಿದಾಗ ಎಲ್ಲಿ ನೋಡಬೇಕು

ಸಿರಪ್ ಬದಲಿಸುವ ಮೊದಲು ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿಟ್ಟು ನೋಡಿ. 97 ತೋರಿಸಿದರೆ ನಿಮ್ಮ ಪಾಕದ ಗುರಿ 116 ಅಲ್ಲ, 113. ಎತ್ತರದ ಊರುಗಳಲ್ಲಿ ನೀರು ಕುದಿಯುವ ಬಿಂದು ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಇಳಿಯುತ್ತದೆ, ಪಾಕಕ್ಕೂ ಅದೇ ಲೆಕ್ಕ. ಥರ್ಮಾಮೀಟರ್ ಇಲ್ಲದವರು ತಣ್ಣೀರಿಗೆ ಒಂದು ಹನಿ ಬಿಟ್ಟು ಉಂಡೆ ಪಾಕ ನೋಡಬಹುದು. ಬೆರಳಲ್ಲಿ ಒಟ್ಟುಗೂಡಿ ಮೆತ್ತನೆಯ ಉಂಡೆಯಾಗಬೇಕು, ಕೈಮೇಲೆ ಇಟ್ಟಾಗ ನಿಧಾನಕ್ಕೆ ಚಪ್ಪಟೆಯಾಗಬೇಕು.

ತುಂಡು ರಬ್ಬರಿನಂತೆ ಬಿಗಿಯಾದರೆ ಪಾಕ 120 ದಾಟಿದೆ ಅಥವಾ ಜೆಲಾಟಿನ್ ಹೆಚ್ಚಾಗಿದೆ. ಟ್ರೇಯ ತಳದಲ್ಲಿ ಗಾಜಿನಂಥ ಅಂಟು ಪದರ ನಿಂತರೆ ಬಡಿದದ್ದು ಸಾಲದು, ಅಥವಾ ಬಟ್ಟಲಿನ ಅಡಿಯ ಪಾಕ ಬೀಟರಿಗೆ ಸಿಗದೆ ಉಳಿದಿದೆ. ಎರಡನೆಯ ದಿನವೇ ಮರಳಾದರೆ ಸಿರಪ್ ಸಾಲದು, ಇಲ್ಲವೇ ಕುದಿಯುವಾಗ ಕಲಕಿದ್ದೀರಿ. ಸಂಜೆಗೇ ಒದ್ದೆಯಾದರೆ ಫ್ರಕ್ಟೋಸ್ ಹೆಚ್ಚು ಅಥವಾ ಪಾಕ ಎಳತು.

ಮೇಲಿನ ಪುಡಿಯನ್ನೂ ಸಿರಪ್‌ಗೆ ತಕ್ಕಂತೆ ಬದಲಿಸಬೇಕು. ಲಿಕ್ವಿಡ್ ಗ್ಲೂಕೋಸ್‌ನಿಂದ ಮಾಡಿದ್ದಕ್ಕೆ ಐಸಿಂಗ್ ಶುಗರ್, ಕಾರ್ನ್‌ಫ್ಲೋರ್ ಸಮಸಮ ಸಾಕು. ಜೇನು, ಗೋಲ್ಡನ್ ಸಿರಪ್, ಇನ್ವರ್ಟ್ ಶುಗರ್ ಇರುವುದಕ್ಕೆ ಕಾರ್ನ್‌ಫ್ಲೋರ್ ಎರಡು ಪಾಲು, ಐಸಿಂಗ್ ಶುಗರ್ ಒಂದು ಪಾಲು. ಸಕ್ಕರೆ ಒದ್ದೆಯಾದರೆ ಕರಗುತ್ತದೆ, ಪಿಷ್ಟ ಕರಗುವುದಿಲ್ಲ. ಆ ಕಾರ್ನ್‌ಫ್ಲೋರನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಣ್ಣ ತಿರುಗದಂತೆ ಐದಾರು ನಿಮಿಷ ಬಿಸಿ ಮಾಡಿ ತಣಿಸಿದರೆ ಅದರ ತೇವ ಹೋಗಿ ಇನ್ನಷ್ಟು ಚೆನ್ನಾಗಿ ಹಿಡಿಯುತ್ತದೆ, ಹಸಿ ಪಿಷ್ಟದ ರುಚಿಯೂ ನಾಲಿಗೆಗೆ ತಾಗುವುದಿಲ್ಲ. ಕೊಯ್ದ ಆರು ಮುಖಗಳಿಗೂ ಹೊರಳಿಸಿ, ಜರಡಿಯಲ್ಲಿ ಹಾಕಿ ಹೆಚ್ಚಿನದನ್ನು ಕೊಡವಿ, ಒಂದು ಗಂಟೆ ಹಾಗೇ ಬಿಟ್ಟು ಆಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿ. ಡಬ್ಬಿಯನ್ನು ಫ್ರಿಜ್‌ನಲ್ಲಿಡಬೇಡಿ. ಹೊರತೆಗೆದಾಗ ಕೂರುವ ಮಂಜಿನ ಹನಿಗೆ ಯಾವ ಪುಡಿಯೂ ತಾಳುವುದಿಲ್ಲ.